ಸೂಫೀ ಅನುಭಾವದಲ್ಲಿ ಕಲ್ಪನೆಯ ಸ್ಥಾನ: ಬಿಜಾಪುರ-ಜಮಖಂಡಿ ಪ್ರಾಂತದ ಸಾಧಕರ ದೃಷ್ಟಿಯಿಂದ ಒಂದು ವಿವೇಚನೆ

ನಿರಾಕಾರನಾದ ಪರಮಾತ್ಮನನ್ನು, ಆಕಾರಗಳ ನೆರವಿಲ್ಲದೆ ಏನನ್ನೂ ಗ್ರಹಿಸಲಾರದ ಮನುಷ್ಯನ ಮನಸ್ಸು ಅರಿಯುವುದೆಂತು? ಈ ಪ್ರಶ್ನೆಯು ಎಲ್ಲ ಮತಗಳ ಅನುಭಾವಿಗಳನ್ನೂ ಕಾಡಿದೆ. ತರ್ಕಬುದ್ಧಿಯು ದೇವರಿಂದ ಒಂದೊಂದಾಗಿ ಉಪಾಧಿಗಳನ್ನು ಕಳಚುತ್ತ ಹೋಗುತ್ತದೆ. ಕಡೆಗೆ ಉಳಿಯುವ ತತ್ತ್ವವು ಶುದ್ಧವಾದುದೇ ಆದರೂ ಅದಕ್ಕೆ ಕೈಮುಗಿಯಲು ಮನಸ್ಸು ಅಳುಕುತ್ತದೆ. ಇದಕ್ಕೆ ವಿರುದ್ಧವಾಗಿ ಭಕ್ತನ ಹೃದಯವು ರೂಪವನ್ನೂ ಬೆಳಕನ್ನೂ ನಾದವನ್ನೂ ಕಾಣುತ್ತದೆ, ಕೇಳುತ್ತದೆ. ಹೀಗೆ ಕಂಡುದು ಜ್ಞಾನವೋ ಅಥವಾ ಮನಸ್ಸೇ ಹೆಣೆದುಕೊಂಡ ಬಲೆಯೋ ಎಂಬುದೇ ಇಲ್ಲಿಯ ಮುಖ್ಯ ಸಂಶಯ. ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯು ಈ ಸಂಶಯದ ವಿಚಾರಕ್ಕೆ ಬಹಳ ತಕ್ಕ ಕ್ಷೇತ್ರ. 1686ರವರೆಗೆ ಈ ನಾಡು ಬಿಜಾಪುರದ ಆದಿಲಶಾಹಿಗೆ ಒಳಪಟ್ಟು, ಅಲ್ಲಿಯ ಸೂಫೀ ಪೀಠಗಳಿಗೆ ನೆರೆಯದಾಗಿದ್ದಿತು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಇದೇ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ತತ್ತ್ವಜ್ಞರೊಬ್ಬರು ಜಮಖಂಡಿಯಲ್ಲಿಯೇ ಜನಿಸಿದರು.

ಸೂಫೀ ಮತದಲ್ಲಿ ಕಲ್ಪನೆಗೆ ತತ್ತ್ವದ ಗೌರವವನ್ನು ತಂದಿತ್ತವರಲ್ಲಿ ಅಗ್ರಗಣ್ಯನು ಇಬ್ನ್ ಅರಬಿ. ಈತನು 1165ರಲ್ಲಿ ಸ್ಪೇನ್ ದೇಶದ ಮುರ್ಸಿಯಾದಲ್ಲಿ ಜನಿಸಿ 1240ರಲ್ಲಿ ಡಮಾಸ್ಕಸ್ಸಿನಲ್ಲಿ ತೀರಿಕೊಂಡನು. ಅರಬ್ಬಿಯಲ್ಲಿ 'ಖಯಾಲ್' ಎಂಬ ಶಬ್ದಕ್ಕೆ ಪ್ರತಿಬಿಂಬ, ಛಾಯೆ, ಮನಸ್ಸಿನ ಚಿತ್ರ ಎಂಬ ಅರ್ಥಗಳೆಲ್ಲ ಉಂಟು. ಕನ್ನಡಿಯೊಳಗಿನ ಮುಖವನ್ನೇ ನೋಡಿರಿ. ಅದು ಅಲ್ಲಿ ಇದೆ ಎನ್ನುವಂತಿಲ್ಲ, ಗಾಜನ್ನು ಒಡೆದರೆ ಸಿಕ್ಕದು. ಇಲ್ಲವೆನ್ನುವಂತೆಯೂ ಇಲ್ಲ, ಅದನ್ನು ನೋಡಿಯೇ ಹಣೆಯ ಬೊಟ್ಟನ್ನು ತಿದ್ದಿಕೊಳ್ಳುತ್ತೇವೆ. ಇದೆ-ಇಲ್ಲಗಳ ನಡುವಿನ ಈ ಸ್ಥಿತಿಗೆ 'ಬರ್ಜಖ್', ಅಂದರೆ ಎರಡರ ನಡುವಣ ಎಲ್ಲೆ, ಎಂದು ಹೆಸರು. ಅರೂಪವಾದ ಅರ್ಥವು ರೂಪವನ್ನು ತಳೆದು ಇಳಿಯುವುದೂ, ಸ್ಥೂಲವಾದ ರೂಪವು ಸೂಕ್ಷ್ಮವಾಗಿ ಏರುವುದೂ ಈ ಎಲ್ಲೆಯಲ್ಲಿಯೇ ಎಂಬುದು ಆತನ ಮತ. ಕಲ್ಪನೆಯ ಈ ಲೋಕವು ಹುಸಿಯೆಂಬ ತಪ್ಪು ತಿಳಿವಳಿಕೆಯನ್ನು ನಿವಾರಿಸಲೆಂದೇ ಫ್ರೆಂಚ್ ವಿದ್ವಾಂಸ ಆನ್ರಿ ಕೊರ್ಬ್ಯಾ 1958ರಲ್ಲಿ ಇಬ್ನ್ ಅರಬಿಯ ಮೇಲೆ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು.

ದೇವರು ಯಾವುದಕ್ಕೂ ಸದೃಶನಲ್ಲವೆಂಬ ಅರಿವಿಗೆ ಇಸ್ಲಾಮೀ ಶಾಸ್ತ್ರದಲ್ಲಿ 'ತನ್‌ಜೀಹ್' ಎಂದೂ, ಆತನು ಸೃಷ್ಟಿಯ ರೂಪಗಳಲ್ಲಿ ತೋರಿಕೊಳ್ಳುವನೆಂಬ ಅರಿವಿಗೆ 'ತಶ್‌ಬೀಹ್' ಎಂದೂ ಹೆಸರು. ಮೊದಲನೆಯದನ್ನು ಬುದ್ಧಿಯು ಕಾಣಬಲ್ಲದು, ಎರಡನೆಯದನ್ನು ಕಲ್ಪನೆಯು ಕಾಣಬಲ್ಲದು. ಬುದ್ಧಿಯೊಂದನ್ನೇ ನಂಬಿದವನಿಗೆ ದೇವರು ದೂರವಾಗುತ್ತಾನೆ. ಕಲ್ಪನೆಯೊಂದನ್ನೇ ನಂಬಿದವನು ವಿಗ್ರಹವನ್ನೇ ದೇವರೆಂದು ಭ್ರಮಿಸುತ್ತಾನೆ. ಆದುದರಿಂದ ಎರಡು ಕಣ್ಣುಗಳಿಂದಲೂ ನೋಡುವವನೇ ನಿಜವಾದ ಜ್ಞಾನಿಯೆಂದು ಇಬ್ನ್ ಅರಬಿಯ ನಿರ್ಣಯ.

ಆದರೆ ಕಂಡ ರೂಪವನ್ನು ಏನು ಮಾಡಬೇಕು? ಇಲ್ಲಿ ಸ್ವಪ್ನಶಾಸ್ತ್ರದ ಒಂದು ಶಬ್ದವು ಉಪಯೋಗಕ್ಕೆ ಬರುತ್ತದೆ. ಕನಸಿಗೆ ಅರ್ಥ ಹೇಳುವುದಕ್ಕೆ ಅರಬ್ಬಿಯಲ್ಲಿ 'ತಾಬೀರ್' ಎನ್ನುವರು. ಆ ಶಬ್ದದ ಧಾತುವಿಗೆ 'ದಾಟು' ಎಂದು ಅರ್ಥ. ಕಂಡ ರೂಪದಿಂದ ಅದರ ತಾತ್ಪರ್ಯಕ್ಕೆ ದಾಟಬೇಕು. ಪ್ರವಾದಿ ಇಬ್ರಾಹೀಮನು ಮಗನನ್ನು ಬಲಿಗೊಡುವಂತೆ ಕನಸು ಕಂಡಾಗ ಅದನ್ನು ಕಂಡಂತೆಯೇ ನಿಜವೆಂದು ಸ್ವೀಕರಿಸಿದನು. ಆ ಕನಸಿನೊಳಗಿನ ಮಗನು ವಾಸ್ತವವಾಗಿ ಟಗರೊಂದರ ಸಂಕೇತವಾಗಿದ್ದನೆಂದು ಇಬ್ನ್ ಅರಬಿಯು 'ಫುಸೂಸ್ ಅಲ್ ಹಿಕಮ್' ಗ್ರಂಥದಲ್ಲಿ ವ್ಯಾಖ್ಯಾನಿಸಿದ್ದಾನೆ. ಮಹಾಪುರುಷನ ದರ್ಶನವೂ ದಾಟಿಸಿಕೊಳ್ಳಬೇಕಾದುದಾದ ಮೇಲೆ ಸಾಮಾನ್ಯ ಸಾಧಕನ ದರ್ಶನದ ಮಾತೇನು? ಪ್ರತಿಯೊಬ್ಬ ಭಕ್ತನೂ ತನ್ನ ನಂಬಿಕೆಯ ಅಚ್ಚಿನಲ್ಲಿ ಒಬ್ಬ ದೇವರನ್ನು ಎರಕಹೊಯ್ದುಕೊಂಡಿರುತ್ತಾನೆ. ಆ ಮೂರ್ತಿಯೇ ದೇವರ ಇಡೀ ಸ್ವರೂಪವೆಂದು ಹಠ ಹಿಡಿದಲ್ಲಿಂದ ಪರಮತದ್ವೇಷವು ಮೊದಲಾಗುತ್ತದೆಂದೂ ಆತನ ಅಭಿಪ್ರಾಯ.

ಈ ಸಿದ್ಧಾಂತವು ಕರ್ನಾಟಕದಲ್ಲಿ ಸುಲಭವಾಗಿ ಮನ್ನಣೆಯನ್ನು ಪಡೆಯಲಿಲ್ಲ. ಕಲಬುರ್ಗಿಯಲ್ಲಿ ನೆಲೆಸಿ 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜ ಗೇಸೂದರಾಜರು ಇಬ್ನ್ ಅರಬಿಯ ಅಭೇದವಾದವನ್ನು ಖಂಡಿಸಿದರು. ದೇವರು ಕಲ್ಪನೆಗೆ ಎಟುಕುವ ಎಲ್ಲಕ್ಕೂ ಆಚೆಯವನು, ಆ ಆಚೆಗೂ ಆಚೆಯವನು ಎಂಬುದು ಅವರ ನಿಲುವು. ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಣ ಅಂತರವನ್ನು ಅಳಿಸಿದರೆ ತನ್ನ ಮನಸ್ಸಿನ ಚಿತ್ರವನ್ನೇ ದೇವರೆಂದು ಪೂಜಿಸುವ ಅಪಾಯವುಂಟೆಂಬ ಈ ಆಕ್ಷೇಪವು ಇಂದಿಗೂ ಬಲವುಳ್ಳದ್ದು.

ಬಿಜಾಪುರದ ಕೋಟೆಯ ಹೊರಗಿನ ಶಹಾಪುರ ದಿನ್ನೆಯ ಮೇಲೆ ನೆಲೆಸಿದ ಚಿಸ್ತಿ ಪರಂಪರೆಯ ಸೂಫಿಗಳು ಕಲ್ಪನೆಯನ್ನು ಕೈಬಿಡದೆ ಅದಕ್ಕೆ ಶಿಸ್ತನ್ನು ಕಲಿಸಿದರು. ಶಾಹ ಮೀರಾಂಜಿ ಶಂಸುಲ್ ಉಶ್ಶಾಕ್, ಆತನ ಮಗ ಬುರ್ಹಾನುದ್ದೀನ್ ಜಾನಂ, ತರುವಾಯ 1675ರಲ್ಲಿ ನಿಧನನಾದ ಅಮೀನುದ್ದೀನ್ ಆಲಾ, ಇವರು ಪಂಡಿತರ ಪಾರ್ಸಿಗಿಂತ ಜನರ ಆಡುಮಾತಾದ ದಖ್ಖನಿಯನ್ನು ಬೋಧನೆಗೆ ಮುಖ್ಯವಾಗಿ ಆರಿಸಿಕೊಂಡರು. ಜಾನಂನ 'ಇರ್ಶಾದ್‌ನಾಮಾ' 1582ರಲ್ಲಿ ರಚಿತವಾದುದು. ಅಮೀನುದ್ದೀನನ ಪಂಥದವರು ದೇಹವನ್ನು ಮಣ್ಣು, ನೀರು, ಬೆಂಕಿ, ಗಾಳಿ, ಬಯಲು ಎಂಬ ಐದು ಭೂತಗಳಾಗಿಯೂ ಇಪ್ಪತ್ತೈದು ಗುಣಗಳಾಗಿಯೂ ವಿಂಗಡಿಸಿ, ಸಾಧಕನು ಒಂದೊಂದನ್ನೇ ಚಿಂತಿಸಿ ದಾಟುವ ಕ್ರಮವನ್ನು ಹೇಳಿದರು. ಪಂಚೀಕರಣದ ಲೆಕ್ಕವನ್ನು ಬಲ್ಲ ಕನ್ನಡಿಗನಿಗೆ ಈ ಬೋಧೆಯು ಪರಕೀಯವಾಗಿ ತೋರದು.

ಇದಕ್ಕಿಂತ ಗಮನಾರ್ಹವಾದುವು ಈ ಸೂಫೀ ವಲಯದಲ್ಲಿ ಹುಟ್ಟಿದ 'ಚಕ್ಕೀನಾಮಾ' 'ಚರ್ಖಾನಾಮಾ' ಎಂಬ ಹಾಡುಗಳು. ಇವು ಹೆಂಗಸರು ಬೀಸುವಾಗ, ನೂಲುವಾಗ ಹಾಡಿಕೊಳ್ಳತಕ್ಕವು. ಸೂಫೀ ಭಾವನೆಗಳು ಮನೆಮನೆಗೆ ಹರಡಲು ಇಂಥ ಹಾಡುಗಳೇ ಮುಖ್ಯ ಸಾಧನವಾದುವೆಂದು ರಿಚರ್ಡ್ ಈಟನ್ ಎಂಬ ಇತಿಹಾಸಕಾರನು ಬಿಜಾಪುರದ ಸೂಫಿಗಳನ್ನು ಕುರಿತ ತನ್ನ 1978ರ ಗ್ರಂಥದಲ್ಲಿ ಪ್ರತಿಪಾದಿಸಿದ್ದಾನೆ. ಬೀಸುಕಲ್ಲಿನ ನೆಟ್ಟಗಿನ ಗೂಟವು 'ಅಲಿಫ್' ಅಕ್ಷರದಂತಿದೆ, ಅದು ಅಲ್ಲಾನ ನಾಮದ ಮೊದಲ ಅಕ್ಷರ. ಕಲ್ಲಿನ ನಡುವಣ ಕೀಲವು ಪ್ರವಾದಿಯ ಗುರುತು. ರಾಟಿಯ ಸುತ್ತು 'ಜಿಕ್ರ್' ಎಂಬ ನಾಮಸ್ಮರಣೆಯ ಸುತ್ತಾಗುತ್ತದೆ. ಜೋಳವನ್ನು ಬೀಸುವ ಹೆಂಗಸಿಗೆ ಬೇರೆ ದೇವರಕೋಣೆ ಬೇಡ, ಬೇರೆ ಹೊತ್ತೂ ಬೇಡ. ಕೈಯೊಳಗಿನ ಗೂಟವೇ ಧ್ಯಾನಕ್ಕೆ ಆಲಂಬನ. ಆಕೆಯು ಕಲ್ಲನ್ನು ದೇವರೆಂದು ಭ್ರಮಿಸುವುದಿಲ್ಲ. ಹಿಟ್ಟು ತೀರಿದೊಡನೆ ಕಲ್ಲು ಕಲ್ಲಾಗಿಯೇ ಮೂಲೆಯಲ್ಲಿ ನಿಲ್ಲುವುದು. ಇಬ್ನ್ ಅರಬಿಯು ಗ್ರಂಥದಲ್ಲಿ ವಿವರಿಸಿದ 'ದಾಟುವಿಕೆ'ಯನ್ನು ಈ ಹಾಡುಗಳು ದಿನದಿನದ ದುಡಿಮೆಯಲ್ಲಿ ರೂಢಿ ಮಾಡಿಸುತ್ತವೆ. ಬೀಸುವ ಪದಗಳು ಕನ್ನಡ ಒಕ್ಕಲುಮನೆಗಳಲ್ಲಿಯೂ ಹಾಡಲ್ಪಟ್ಟುವು. ಬನಹಟ್ಟಿ-ರಬಕವಿಗಳ ನೇಕಾರರಿಗೆ ರಾಟಿ, ಕದಿರು, ಲಾಳಿಗಳು ನಿತ್ಯಪರಿಚಿತ. ಅಂಗೈಯ ಇಷ್ಟಲಿಂಗದಿಂದ ಪ್ರಾಣಲಿಂಗಕ್ಕೂ, ಅಲ್ಲಿಂದ ಭಾವಲಿಂಗಕ್ಕೂ ಏರುವ ಶರಣರ ಕ್ರಮವು ತತ್ತ್ವದಲ್ಲಿ ಭಿನ್ನವಾದರೂ, ಹಿಡಿದ ರೂಪದಲ್ಲಿಯೇ ನಿಲ್ಲಬಾರದೆಂಬ ವಿಷಯದಲ್ಲಿ ಇದಕ್ಕೆ ಸಮೀಪವಾದುದು.

ಆದರೂ ಮೊದಲಿನ ಸಂಶಯವು ಪೂರ್ಣವಾಗಿ ಪರಿಹಾರವಾಗಲಿಲ್ಲ. ದಾಟಿದೆನೆಂದು ಹೇಳುವವನು ನಿಜವಾಗಿ ದಾಟಿರುವನೆಂಬುದಕ್ಕೆ ಪ್ರಮಾಣವೇನು? ಈ ಭಾಗವನ್ನು ಜಮಖಂಡಿಯ ರಾಮಚಂದ್ರ ದತ್ತಾತ್ರೇಯ ರಾನಡೆಯವರ ವಿಚಾರವು ಬೆಳಗಿಸುತ್ತದೆ. 1886ರ ಜುಲೈ 3ರಂದು ಜನಿಸಿದ ಇವರು 1901ರಲ್ಲಿ ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮೋಪದೇಶವನ್ನು ಪಡೆದರು. ಅಲಾಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, 1957ರ ಜೂನ್ 6ರಂದು ನಿಂಬಾಳದಲ್ಲಿ ದೇಹವಿಟ್ಟರು. ಇವರು ಸೂಫೀ ಪಂಥದವರಲ್ಲ. ನಿಂಬರಗಿ ಸಂಪ್ರದಾಯದ ನಾಮಧ್ಯಾನವೇ ಇವರ ಮಾರ್ಗ. ಆದರೆ ಬಣ್ಣ, ರೂಪ, ಜ್ಯೋತಿ, ನಾದಗಳ ಅನುಭವವು ಈ ಮಾರ್ಗದಲ್ಲಿಯೂ ಉಂಟಾದುದರಿಂದ ಅದೇ ಪ್ರಶ್ನೆಯು ಇವರಿಗೂ ಎದುರಾಯಿತು. 1933ರಲ್ಲಿ ಪ್ರಕಟವಾದ, ಮಹಾರಾಷ್ಟ್ರದ ಅನುಭಾವವನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದ ಪೀಠಿಕೆಯಲ್ಲಿ ಅವರು ಅನುಭವದ ಸತ್ಯತೆಗೆ ಒರೆಗಲ್ಲುಗಳನ್ನು ಸೂಚಿಸಿದ್ದಾರೆ. ಅನುಭವವು ದೇಶಕಾಲಗಳನ್ನು ಮೀರಿ ಬೇರೆ ಬೇರೆ ಸಾಧಕರಲ್ಲಿ ಸಮಾನವಾಗಿ ಕಾಣಬರಬೇಕು, ಸಾಧಕನ ಬುದ್ಧಿಯು ಅದರಿಂದ ಮಂಕಾಗದೆ ತೀಕ್ಷ್ಣವಾಗಬೇಕು, ಭಾವವು ಶುದ್ಧವಾಗಬೇಕು, ಎಲ್ಲಕ್ಕಿಂತ ಮಿಗಿಲಾಗಿ ನಡತೆಯು ಉಜ್ಜ್ವಲವಾಗಬೇಕು. ಅಂತಃಪ್ರಜ್ಞೆಯು ಬುದ್ಧಿ, ಭಾವ, ಸಂಕಲ್ಪಗಳಿಗೆ ವಿರೋಧಿಯಲ್ಲ, ಅವೆಲ್ಲಕ್ಕೂ ಹಿನ್ನೆಲೆಯಾಗಿ ನಿಂತ ಶಕ್ತಿಯೆಂಬುದು ಅವರ ಸಿದ್ಧಾಂತ.

ಈ ಎರಡು ವಿಚಾರಗಳನ್ನು ಜೊತೆಗಿಟ್ಟು ನೋಡಿದರೆ ಒಂದು ನಿರ್ಣಯಕ್ಕೆ ಬರಬಹುದು. ದರ್ಶನದ ಕಾಂತಿಯಿಂದಾಗಲಿ ತೀವ್ರತೆಯಿಂದಾಗಲಿ ಅದರ ಸತ್ಯವು ಸಿದ್ಧವಾಗದು. ಉನ್ಮಾದದಲ್ಲಿಯೂ ಕಾಣುವ ರೂಪಗಳು ಕಾಂತಿಯುಳ್ಳವೇ. ಕಂಡ ರೂಪವು ಸಾಧಕನನ್ನು ತನ್ನಲ್ಲಿಯೇ ಕಟ್ಟಿಹಾಕಿ, ಪರರ ದೇವರನ್ನು ಹಳಿಯುವಂತೆ ಮಾಡಿದರೆ ಅದು ಭ್ರಮೆ. ತನ್ನಿಂದ ಆಚೆಗೆ ದಾಟಿಸಿ, ಅವನ ಬುದ್ಧಿಯನ್ನು ತಿಳಿಗೊಳಿಸಿ, ನಡತೆಯನ್ನು ಮೃದುಗೊಳಿಸಿದರೆ ಅದು ಅರಿವು. ಗೇಸೂದರಾಜರ ಎಚ್ಚರಿಕೆಯೂ ಇಬ್ನ್ ಅರಬಿಯ ಧೈರ್ಯವೂ ಈ ನಿರ್ಣಯದಲ್ಲಿ ಒಟ್ಟಿಗೆ ಇರಬಲ್ಲವು. ಎಡದಲ್ಲಿ ಶಹಾಪುರ ದಿನ್ನೆಯ ಬಿಳಿಯ ಗುಮ್ಮಟವನ್ನೂ ಬಲದಲ್ಲಿ ನಿಂಬಾಳದ ಆಶ್ರಮವನ್ನೂ ಇಟ್ಟುಕೊಂಡಿರುವ ಈ ಪ್ರಾಂತದ ಧಾರ್ಮಿಕ ಚರಿತ್ರೆಯನ್ನು ಅಭ್ಯಸಿಸುವವರು ಪವಾಡಗಳ ಎಣಿಕೆಗಿಂತ, ಆ ಸಾಧಕರು ತಮ್ಮ ಅನುಭವವನ್ನು ಹೇಗೆ ಒರೆಗೆ ಹಚ್ಚಿ ನೋಡಿಕೊಂಡರೆಂಬುದನ್ನು ಶೋಧಿಸುವುದು ಹೆಚ್ಚು ಫಲಕಾರಿಯಾದೀತು.