ಕಬ್ಬನ್ ಅಂದರೆ ಏನು?

ಪ್ರಶ್ನೆ: ಬೆಂಗಳೂರಿನ ಕಬ್ಬನ್ ಪಾರ್ಕಿನ ‘ಕಬ್ಬನ್’ಗೆ ಅರ್ಥವಿದೆಯೇ? ಬೇರೆ ಇಂಗ್ಲಿಷರಲ್ಲಿ ಈ ಹೆಸರು ಕಂಡಿಲ್ಲ.

ಉತ್ತರ: ಕಾಣದಿರುವುದು ಸಹಜವೇ. ಇದು ಇಂಗ್ಲೆಂಡಿನದಲ್ಲ, ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದ ಮನೆತನದ ಹೆಸರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ, ಪಾರ್ಕಿಗೆ ಯಾರ ಹೆಸರಿದೆಯೋ ಆ ಮಾರ್ಕ್ ಕಬ್ಬನ್ ಅಲ್ಲಿಯವರು.

ಅಲ್ಲಿನ ಮ್ಯಾಂಕ್ಸ್ ಭಾಷೆಯಲ್ಲಿ ‘ಮ್ಯಾಕ್’ ಅಂದರೆ ಮಗ. ಈ ಹೆಸರಿನ ಮೂಲರೂಪ ‘ಮ್ಯಾಕ್ ಗಿಬ್ಬನ್’, ಅಂದರೆ ಗಿಬ್ಬನ್ ಎಂಬವನ ಮಗ. ಜನರ ಬಾಯಲ್ಲಿ ಸವೆಯುತ್ತ ‘ಮ್ಯಾ’ ಉದುರಿಹೋಯಿತು; ಕೊನೆಯ ‘ಕ್’ ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡು ಉಳಿಯಿತು. ಆ ದ್ವೀಪದ ಎಷ್ಟೋ ಮನೆತನದ ಹೆಸರುಗಳು ಕಕಾರದಿಂದ ಶುರುವಾಗುವುದು ಇದೇ ಕಾರಣಕ್ಕೆ. ಡರ್ಮಟ್‌ನ ಮಕ್ಕಳು ಕರ್ಮೋಡ್ ಆದರು, ಪಾಲ್‌ನ ಮಕ್ಕಳು ಕ್ವೇಲ್ ಆದರು. ಎಷ್ಟು ಸೊಗಸಾದ ಸವಕಳಿ!

ಇನ್ನು ಗಿಬ್ಬನ್ ಅನ್ನುವುದು ಗಿಲ್ಬರ್ಟ್‌ನ ಮುದ್ದಿನ ರೂಪ, ನಾವು ವೆಂಕಟೇಶನನ್ನು ವೆಂಕ ಅನ್ನುವಂತೆ. ಗಿಲ್ಬರ್ಟ್ ಹಳೆಯ ಜರ್ಮಾನಿಕ್ ಹೆಸರು. ಅದರ ಎರಡು ಭಾಗಗಳಿಗೆ ‘ಒತ್ತೆ’, ‘ಹೊಳಪು’ ಎಂಬ ಅರ್ಥಗಳಿವೆ. ನಮ್ಮ ಕಬ್ಬಿಗಾಗಲಿ ಕಬ್ಬಿಣಕ್ಕಾಗಲಿ ಇದರ ನಂಟಿಲ್ಲ. ಅಂದಹಾಗೆ, 1870ರಲ್ಲಿ ಪಾರ್ಕ್ ಆದಾಗ ಅದರ ಹೆಸರು ಮೀಡ್ಸ್ ಪಾರ್ಕ್. ಕಬ್ಬನ್ ಹೆಸರು ಬಂದದ್ದು ಆಮೇಲೆ.