ಮನೋವ್ಯಾಧಿಗೆ ಮರೆಯೇಕೆ?

ಜ್ವರ ಬಂದವರನ್ನು ನೋಡಲು ನೆಂಟರಿಷ್ಟರು ಹಣ್ಣುಹಂಪಲು ಕೊಂಡು ಹೋಗುವರು. ಕಾಲು ಮುರಿದವರ ಮನೆಗೆ ಕೇರಿಯವರೆಲ್ಲರೂ ಹೋಗಿ ವಿಚಾರಿಸಿ ಬರುವರು. ಮನಸ್ಸಿಗೆ ವ್ಯಾಧಿ ತಗುಲಿದವರ ಮನೆಯ ಬಾಗಿಲಿಗೆ ಮಾತ್ರ ಒಳಗಿನಿಂದ ಅಗುಳಿ ಬೀಳುವುದು. ಹೊರಗಿನವರೂ ಅದನ್ನು ತಟ್ಟಲು ಹಿಂಜರಿಯುವರು. ಕೇಳಿದರೆ, "ಹುಡುಗ ಪರಸ್ಥಳದಲ್ಲಿದ್ದಾನೆ", "ಮಗಳಿಗೆ ಸ್ವಲ್ಪ ತಲೆನೋವು" ಎಂಬ ಉತ್ತರ. ಈ ಮರೆಯು ರೋಗಿಯ ಮಾನವನ್ನು ಕಾಯುವುದೆಂದು ಮನೆಯವರ ನಂಬಿಕೆ. ವಾಸ್ತವವಾಗಿ ಅದು ಕಾಯುತ್ತಿರುವುದು ರೋಗವನ್ನು. ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಯಿಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ 10ಕ್ಕೂ ಮೇಲ್ಪಟ್ಟು ಜನರು ಒಂದಲ್ಲ ಒಂದು ಮನೋವ್ಯಾಧಿಯಿಂದ ನರಳುತ್ತಿದ್ದರು. ಅವುಗಳಲ್ಲಿ ಬೈಪೋಲಾರ್ ಎಂಬ ವ್ಯಾಧಿಯುಳ್ಳವರ ಪೈಕಿ ನೂರಕ್ಕೆ 70ರಷ್ಟು ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ಈ ಎಪ್ಪತ್ತು ಮಂದಿಯೂ ಆಸ್ಪತ್ರೆಯಿಲ್ಲದ ಊರಿನವರೆಂದು ಭಾವಿಸಬೇಕಾಗಿಲ್ಲ. ಆಸ್ಪತ್ರೆಯ ಎದುರು ಬೀದಿಯಲ್ಲಿದ್ದೂ ಒಳಗೆ ಕಾಲಿಡದವರು ಎಷ್ಟು ಮಂದಿಯೋ!

ಇಂದು ನಾವು ಬರೆಯಹೊರಟಿರುವುದು ಈ ಬೈಪೋಲಾರ್ ವ್ಯಾಧಿಯ ವಿಷಯವಾಗಿ. ಕನ್ನಡದಲ್ಲಿ ಇದನ್ನು ದ್ವಿಧ್ರುವಿ ಮನೋವ್ಯಾಧಿ ಎನ್ನುವರು. ಧ್ರುವವೆಂದರೆ ಅಲುಗದೆ ನಿಲ್ಲುವುದು. ಇಲ್ಲಿಯಾದರೋ ಅಲುಗುವುದೇ ರೋಗ. ಹೆಸರಿಟ್ಟವರು ಇನ್ನಷ್ಟು ಯೋಚಿಸಬಹುದಾಗಿತ್ತು, ಇರಲಿ. ಚರಕಸಂಹಿತೆಯಲ್ಲಿ ಉನ್ಮಾದಕ್ಕೆಂದೇ ಪ್ರತ್ಯೇಕ ಅಧ್ಯಾಯಗಳಿರುವುದರಿಂದ, ಮನಸ್ಸಿನ ವಿಕಾರವು ವೈದ್ಯನ ಕೆಲಸವೇ ಹೊರತು ನಗೆಗಾರರ ಕೆಲಸವಲ್ಲವೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಹರ್ಷೋನ್ಮಾದವೂ ಖಿನ್ನತೆಯೂ ಒಂದೇ ವ್ಯಾಧಿಯ ಎರಡು ಮುಖಗಳೆಂದು ಜರ್ಮನಿಯ ಕ್ರೇಪೆಲಿನ್ ಪಂಡಿತರು 1899ರಲ್ಲಿ ವ್ಯವಸ್ಥಿತವಾಗಿ ಪ್ರತಿಪಾದಿಸಿದರು. ಉನ್ಮಾದದ ಕಾಲದಲ್ಲಿ ರೋಗಿಗೆ ನಿದ್ರೆಯೇ ಬೇಡವಾಗುವುದು, ಮಾತಿಗೆ ತಡೆಯಿರದು, ಹತ್ತು ಯೋಜನೆಗಳು ಏಕಕಾಲಕ್ಕೆ ಹೊಳೆಯುವವು, ಸಾಲ ಮಾಡಿ ದಾನ ಮಾಡುವನು, ಇರುವ ನೌಕರಿಗೆ ರಾಜೀನಾಮೆಯಿತ್ತು ಇಲ್ಲದ ಕಾರಖಾನೆಗೆ ಅಸ್ತಿಭಾರ ಹಾಕುವನು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದೇ ಮನುಷ್ಯನು ಹಾಸಿಗೆ ಬಿಟ್ಟು ಏಳಲಾರನು, ಊಟ ರುಚಿಸದು, ತಾನು ಭೂಮಿಗೆ ಭಾರವೆಂಬ ಒಂದೇ ಚಿಂತೆ. ನಡುವೆ ಎಷ್ಟೋ ಕಾಲ ಎಲ್ಲರಂತೆ ಸ್ವಸ್ಥನಾಗಿಯೂ ಇರುವನು. ಈ ನಡುವಣ ಕಾಲವೇ ಮನೆಯವರನ್ನು ಮೋಸಗೊಳಿಸುವುದು: "ಈಗ ಸರಿಹೋಯಿತಲ್ಲ, ಇನ್ನು ಔಷಧವೇಕೆ?" ಮೊದಲನೆಯ ಅವಸ್ಥೆಯೂ ಅಷ್ಟೇ ಮೋಸದ್ದು. ಅದರ ಆರಂಭವನ್ನು ಜನರು ಉತ್ಸಾಹವೆಂದು ಹೊಗಳುವರು. ರೋಗಿಗಂತೂ ತಾನು ಎಂದೂ ಇಷ್ಟು ಚೆನ್ನಾಗಿರಲಿಲ್ಲವೆಂದೇ ತೋರುವುದು.

ಇಂಥ ವ್ಯಾಧಿಯೊಡನೆ ಬಾಳಿ, ಅದರಿಂದಲೇ ಲೋಕಕ್ಕೆ ಉಪಕಾರ ಮಾಡಿದವರೊಬ್ಬರ ಚರಿತ್ರೆಯನ್ನು ವಾಚಕರು ತಿಳಿಯತಕ್ಕದ್ದು. ಅಮೆರಿಕೆಯ ಕನೆಕ್ಟಿಕಟ್ ಸಂಸ್ಥಾನದಲ್ಲಿ 1876ರಲ್ಲಿ ಹುಟ್ಟಿದ ಕ್ಲಿಫರ್ಡ್ ಬಿಯರ್ಸ್ ಎಂಬವರು ಯೇಲ್ ವಿಶ್ವವಿದ್ಯಾನಿಲಯದ ಪದವೀಧರರು. ಅಣ್ಣನಿಗೆ ಮೂರ್ಛೆರೋಗ ಬಂದುದನ್ನು ಕಂಡು, ತನಗೂ ಅದು ಬಂದೇ ಬರುವುದೆಂಬ ಭಯ ಅವರ ಮನಸ್ಸಿನಲ್ಲಿ ಬೇರೂರಿತು. 1900ರಲ್ಲಿ ಪ್ರಾಣತ್ಯಾಗಕ್ಕೆ ಯತ್ನಿಸಿ ದೈವವಶಾತ್ ಬದುಕಿ ಉಳಿದರು. ಅಲ್ಲಿಂದ ಮೂರು ವರ್ಷ, ಒಂದರ ಮೇಲೊಂದರಂತೆ ಮೂರು ಆಸ್ಪತ್ರೆಗಳ ವಾಸ. ಮೊದಲ ಎರಡು ವರ್ಷ ಅವರು ಬಾಯಿ ಬಿಟ್ಟು ಮಾತನಾಡಿದ್ದೇ ಅಪರೂಪ. ಸುತ್ತಲಿರುವವರೆಲ್ಲರೂ ಗೂಢಚಾರರು, ನೋಡಲು ಬರುವ ಅಣ್ಣನೂ ಅಣ್ಣನಲ್ಲ, ಅಣ್ಣನ ವೇಷ ಹಾಕಿದ ಪೊಲೀಸಿನವನು ಎಂಬುದು ಅವರ ದೃಢವಾದ ಭ್ರಮೆ. 1902ರ ಆಗಸ್ಟಿನಲ್ಲಿ ಅವರೇ ಒಂದು ಉಪಾಯ ಮಾಡಿದರು. ಅಣ್ಣನ ವಿಳಾಸಕ್ಕೆ ಗುಟ್ಟಾಗಿ ಒಂದು ಕಾಗದ ಬರೆದು, ಬರುವಾಗ ಇದನ್ನೇ ಗುರುತಿಗೆ ತರತಕ್ಕದ್ದೆಂದು ತಿಳಿಸಿದರು. ಅಣ್ಣನು ಆ ಕಾಗದವನ್ನು ಕೈಯಲ್ಲಿ ಹಿಡಿದು ಬಂದು ನಿಂತನು. ಎರಡು ವರ್ಷದ ಭ್ರಮೆಯು ಆ ಒಂದು ಕಾಗದದಿಂದ ಹರಿಯಿತು! ಹುಚ್ಚರಿಗೆ ತರ್ಕವಿಲ್ಲವೆನ್ನುವವರು ಇದನ್ನು ಆಲೋಚಿಸಿ ನೋಡಬೇಕು.

ಆದರೆ ಖಿನ್ನತೆಯ ಕಟ್ಟು ಬಿಚ್ಚಿದೊಡನೆಯೇ ಉನ್ಮಾದದ ಪ್ರವಾಹ ನುಗ್ಗಿತು. ಬಿಯರ್ಸರು ಹಗಲಿರುಳು ಬರೆಯತೊಡಗಿದರು. ಕಾಗದ ಮುಗಿದರೆ ಪೊಟ್ಟಣ ಕಟ್ಟುವ ಕಾಗದದ ಉದ್ದುದ್ದ ಪಟ್ಟಿಗಳ ಮೇಲೆ ಬರೆದರು. ಆಸ್ಪತ್ರೆಯ ಅನ್ಯಾಯಗಳನ್ನು ಕಣ್ಣಾರೆ ಕಾಣಬೇಕೆಂದು ಬೇಕೆಂತಲೇ ರೇಗಾಡಿ ಉಗ್ರರೋಗಿಗಳ ವಾರ್ಡಿಗೆ ಸೇರಿಸಲ್ಪಟ್ಟರು. ಕೈಗಳನ್ನು ಮೈಗೆ ಬಿಗಿದು ಕಟ್ಟುವ ಅಂಗಿಯನ್ನು ರಾತ್ರಿ ರಾತ್ರಿ ತೊಟ್ಟು ಮಲಗಿದರು, ಏಟು ತಿಂದರು, ಚಳಿಯ ಕೋಣೆಯಲ್ಲಿ ನಡುಗಿದರು. ಕಡೆಗೆ ಸಂಸ್ಥಾನದ ಗವರ್ನರರಿಗೇ ದೂರು ಬರೆದರು. 1903ರಲ್ಲಿ ಬಿಡುಗಡೆಯಾಗಿ ವ್ಯಾಪಾರದ ಕೆಲಸಕ್ಕೆ ಸೇರಿದ ಮೇಲೂ ಆ ಹಠ ಬಿಡಲಿಲ್ಲ. ಗ್ರಂಥ ರಚಿಸುವ ಭರದಲ್ಲಿ ಮತ್ತೆ ಉತ್ಸಾಹ ಮಿತಿಮೀರಲು, ಮನೆಯವರು ಎಚ್ಚರಿಸಿದರು. 1905ರ ಆರಂಭದಲ್ಲಿ ಅವರು ಹಿಂದೆ ತಮ್ಮನ್ನು ಕೂಡಿಹಾಕಿದ್ದ ಆಸ್ಪತ್ರೆಗಳಲ್ಲೊಂದಕ್ಕೆ ತಾವಾಗಿಯೇ ಹೋಗಿ ಸೇರಿ, ಕೆಲಕಾಲ ವಿಶ್ರಮಿಸಿ ಹೊರಬಂದರು. ಅವರ ಚರಿತ್ರೆಯಲ್ಲಿ ನಮಗೆ ಅತ್ಯಂತ ದೊಡ್ಡದಾಗಿ ಕಾಣುವ ಕಾರ್ಯ ಇದು. ತಾನು ಯಾವುದರ ಮೇಲೆ ಯುದ್ಧ ಹೂಡಿರುವನೋ ಅದರ ಬಾಗಿಲನ್ನೇ, ತನ್ನ ಮನಸ್ಸನ್ನು ತಾನೇ ನಂಬಲಾಗದ ಹೊತ್ತಿನಲ್ಲಿ ತಟ್ಟುವುದಕ್ಕೆ ಎಷ್ಟು ವಿವೇಕ ಬೇಕು!

ಅವರ ಆತ್ಮಕಥೆಯು 1908ರಲ್ಲಿ ಪ್ರಕಟವಾಯಿತು. ಪ್ರಖ್ಯಾತ ತತ್ತ್ವಜ್ಞಾನಿ ವಿಲಿಯಂ ಜೇಮ್ಸರು ಅದಕ್ಕೆ ಬೆಂಬಲವಿತ್ತರು. ಅದೇ ವರ್ಷ ಕನೆಕ್ಟಿಕಟ್ಟಿನಲ್ಲಿ ಒಂದು ಸಂಘ, 1909ರಲ್ಲಿ ಇಡೀ ಅಮೆರಿಕೆಗೆ ರಾಷ್ಟ್ರೀಯ ಸಮಿತಿ, 1930ರಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಮಹಾಸಭೆ. ಬಿಯರ್ಸರು ಮುಪ್ಪಿನಲ್ಲಿ ಮತ್ತೆ ರೋಗಕ್ಕೆ ವಶರಾಗಿ 1943ರಲ್ಲಿ ಆಸ್ಪತ್ರೆಯಲ್ಲಿಯೇ ತೀರಿಕೊಂಡರು. ಇದನ್ನು ಸೋಲೆಂದು ಯಾರೂ ಹೇಳಲಾರರು. ಸಕ್ಕರೆರೋಗವಿದ್ದ ದೇಶಸೇವಕನು ಸಕ್ಕರೆರೋಗದಿಂದಲೇ ಮಡಿದರೆ ಅವನ ಸೇವೆ ಸುಳ್ಳಾಗುವುದೇ? ಅವರ ಸಂಘದ ಉತ್ತರಾಧಿಕಾರಿಗಳು ದೇಶದ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ತೊಡಿಸುತ್ತಿದ್ದ ಸಂಕೋಲೆಗಳನ್ನು ಒಟ್ಟುಮಾಡಿ, 1953ರಲ್ಲಿ ಬಾಲ್ಟಿಮೋರ್ ನಗರದ ಎರಕದ ಮನೆಯಲ್ಲಿ ಕರಗಿಸಿ, 300 ಪೌಂಡು ತೂಕದ ಗಂಟೆಯನ್ನು ಎರಕ ಹೊಯ್ಯಿಸಿದರು.

ಬಿಯರ್ಸರ ಕಾಲದಲ್ಲಿ ಇರದಿದ್ದ ಔಷಧವು ನಮ್ಮ ಕಾಲದಲ್ಲಿದೆ. ಅದನ್ನು ಕಂಡವರು ಆಸ್ಟ್ರೇಲಿಯದ ಡಾಕ್ಟರ್ ಜಾನ್ ಕೇಡ್. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಸೆರೆಯಾಳಾಗಿದ್ದು ಮರಳಿದ ಇವರು, ಸಣ್ಣ ಆಸ್ಪತ್ರೆಯೊಂದರಲ್ಲಿ ಗಿನಿಯಿಲಿಗಳ ಮೇಲೆ ಪರೀಕ್ಷೆ ನಡೆಯಿಸುತ್ತ, ಲಿಥಿಯಂ ಎಂಬ ಲವಣವು ಅವುಗಳನ್ನು ಶಾಂತಗೊಳಿಸುವುದನ್ನು ಗಮನಿಸಿದರು. 1948ರಲ್ಲಿ, ಐದು ವರ್ಷದಿಂದ ಉನ್ಮಾದ ಇಳಿಯದೆ ಇದ್ದ ರೋಗಿಯೊಬ್ಬನಿಗೆ ಅದನ್ನು ಕೊಡಲು, ಅವನು ಕೆಲವು ತಿಂಗಳಲ್ಲಿ ಮನೆಗೆ ಹೋಗಿ ತನ್ನ ಹಳೆಯ ಕೆಲಸಕ್ಕೆ ಸೇರಿದನು. 1949ರಲ್ಲಿ ವರದಿ ಅಚ್ಚಾಯಿತು. ಆದರೆ ಕಥೆಯ ಉಳಿದ ಭಾಗವನ್ನೂ ಹೇಳದಿದ್ದರೆ ಅರ್ಧಸತ್ಯವಾದೀತು. ಗುಣವಾಯಿತೆಂದು ಆ ರೋಗಿ ಔಷಧವನ್ನು ನಿಲ್ಲಿಸಿದನು, ರೋಗ ಮರುಕಳಿಸಿತು, ಮತ್ತೆ ಕೊಟ್ಟಾಗ ಪ್ರಮಾಣ ಮೀರಿ ವಿಷವೇರಿ 1950ರಲ್ಲಿ ಮೃತನಾದನು. ಲಿಥಿಯಂ ಅಗ್ಗದ ಲವಣ, ಪೇಟೆಂಟಿಲ್ಲದ್ದು. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವುದರಲ್ಲಿ ಅದಕ್ಕೆ ಸಾಟಿಯಾದ ಔಷಧಗಳು ಕಡಮೆ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಮಾತ್ರ ಅಂತರ ಬಹಳ ಸಣ್ಣದು. ಆದಕಾರಣ ರಕ್ತದಲ್ಲಿ ಅದರ ಮಟ್ಟವನ್ನೂ, ಮೂತ್ರಪಿಂಡ ಮತ್ತು ಥೈರಾಯಿಡ್ ಗ್ರಂಥಿಗಳ ಸ್ಥಿತಿಯನ್ನೂ ಆಗಾಗ್ಗೆ ಪರೀಕ್ಷಿಸುತ್ತಿರಲೇಬೇಕು. ಈಗ ಬೇರೆ ಔಷಧಗಳೂ ಉಂಟು. ಯಾರಿಗೆ ಯಾವುದೆಂಬುದು ವೈದ್ಯರ ವಿಷಯ, ಪತ್ರಿಕೆಯದಲ್ಲ.

ಕರ್ನಾಟಕವು ಈ ವಿಷಯದಲ್ಲಿ ತಲೆ ತಗ್ಗಿಸಬೇಕಾದ ನಾಡಲ್ಲ. ಬೆಂಗಳೂರಿನ ಆಸ್ಪತ್ರೆಯ ಮೂಲ 1847ರದು. 1925ರಲ್ಲಿಯೇ ಮೈಸೂರು ಸರಕಾರವು ಹಳೆಯ ಹೆಸರನ್ನು ಕಿತ್ತುಹಾಕಿ ಅದನ್ನು ‘ಮೆಂಟಲ್ ಹಾಸ್ಪಿಟಲ್’ ಎಂದು ಕರೆಯಿತು. ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ದೂರದೃಷ್ಟಿಯಿಂದ 1954ರಲ್ಲಿ ಅಲ್ಲಿ ಅಖಿಲ ಭಾರತ ಶಿಕ್ಷಣಸಂಸ್ಥೆ ನೆಲೆಗೊಂಡಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತು ಕೊಟ್ಟು, ಮನೋರೋಗ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದರು. ಆ ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಇಷ್ಟಾದರೂ ನಮ್ಮ ನಾಲಗೆಯೇನು ತಿದ್ದಿಕೊಂಡಿತೇ? ದಕ್ಷಿಣದವರಿಗೆ ‘ನಿಮ್ಹಾನ್ಸಿಗೆ ಸೇರಿಸಬೇಕು’ ಎಂಬುದು ಬೈಗುಳ, ಉತ್ತರದವರಿಗೆ ‘ಧಾರವಾಡಕ್ಕೆ ಕಳಿಸಬೇಕು’ ಎಂಬುದು ಬೈಗುಳ. ನಾಡಿನ ಎರಡು ಗೌರವಾಸ್ಪದ ವೈದ್ಯಸಂಸ್ಥೆಗಳನ್ನು ಹಾಸ್ಯಕ್ಕೆ ಬಳಸುವ ಜನರು, ತಮ್ಮ ಮನೆಗೇ ವ್ಯಾಧಿ ಬಂದಾಗ ಅಲ್ಲಿಗೆ ಹೇಗೆ ಹೋದಾರು?

ಮದುವೆಯ ಮಾತನ್ನೂ ಆಡಲೇಬೇಕು. "ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂಬ ಗಾದೆಯನ್ನು ಆಡಿದವರು ತಮಾಷೆಗೆ ಆಡಿದರು. ನಮ್ಮ ಹಿರಿಯ ತಲೆಗಳು ಅದರ ಉತ್ತರಾರ್ಧವನ್ನು ಚಿಕಿತ್ಸೆಯೆಂದೇ ಹಿಡಿದಿರುವರು. ವ್ಯಾಧಿಯನ್ನು ಮುಚ್ಚಿ ಲಗ್ನ ಮಾಡುವರು. ಗುಟ್ಟು ಹೊರಬೀಳದಿರಲೆಂದು ಹೊಸ ಮನೆಯಲ್ಲಿ ಮಗಳು ಮಾತ್ರೆ ನುಂಗದಂತೆ ಮಾಡುವರು. ಪ್ರಥಮ ಪ್ರಸವದ ತರುವಾಯ, ಅಂದರೆ ಈ ವ್ಯಾಧಿ ಮರುಕಳಿಸಲು ಅತ್ಯಂತ ಅನುಕೂಲವಾದ ಕಾಲದಲ್ಲಿ, ಎಲ್ಲವೂ ಒಮ್ಮೆಗೇ ಬಯಲಾಗುವುದು. ಆಮೇಲೆ ಕೋರ್ಟು, ಜೀವನಾಂಶ, ತೌರುಮನೆಯ ಹಿಂದಿನ ಕೋಣೆ. ತಂದೆ ಅಥವಾ ತಾಯಿಗೆ ಈ ವ್ಯಾಧಿಯಿದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ ಸುಮಾರು 5ರಿಂದ 10. ಎಂದರೆ ಬಹುಪಾಲು ಮಕ್ಕಳಿಗೆ ಬಾರದು. ವಿಷಯವನ್ನು ಮೊದಲೇ ತಿಳಿಸಿ, ವೈದ್ಯರನ್ನು ಕೇಳಿ, ಮದುವೆಯಾಗಿ ಸುಖವಾಗಿರುವವರು ಇಲ್ಲದಿಲ್ಲ. ಅವರಿಗೆ ತಮ್ಮ ಕಥೆಯನ್ನು ಹೇಳುವ ಧೈರ್ಯವನ್ನು ನಾವು ಕೊಟ್ಟಿಲ್ಲ, ಅಷ್ಟೇ.

ಅಮೆರಿಕೆಯಲ್ಲಿ ಸಂಕೋಲೆಗಳು ಗಂಟೆಯಾಗಿ 48 ವರ್ಷ ಕಳೆದ ಮೇಲೆ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ಖಾಸಗಿ ಆಶ್ರಮವೊಂದರ ಚಪ್ಪರಕ್ಕೆ ಬೆಂಕಿ ಬಿದ್ದು 28 ಮಂದಿ ಮನೋರೋಗಿಗಳು ಸುಟ್ಟು ಸತ್ತರು. ಅವರು ಓಡಲಾರದೆ ಹೋದುದು ಸರಪಳಿಗಳಿಂದ ಬಿಗಿಯಲ್ಪಟ್ಟಿದ್ದುದರಿಂದ. ರೋಗಿಗಳನ್ನು ದೇವರ ಪಾಲಿಗೆ ಬಿಟ್ಟುಬರುವ ಇಂಥ ತಾಣಗಳು ಒಂದು ಮತಕ್ಕೆ ಸೇರಿದವಲ್ಲ. ಹರಕೆ ಹೊರುವವರನ್ನು ನಾವು ಬೇಡವೆನ್ನೆವು. ಹರಕೆಯ ಜೊತೆಗೆ ಔಷಧವೂ ಇರಲಿ, ಸರಪಳಿ ಮಾತ್ರ ಇರಕೂಡದೆನ್ನುವೆವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಮಾತೂ ಅದೇ: ಮನೋರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಕಟ್ಟಕೂಡದು. 2018ರಿಂದ ಜಾರಿಯಲ್ಲಿರುವ ಈ ಕಾಯಿದೆಯನ್ನು ನಮ್ಮ ಅಧಿಕಾರಿವರ್ಗದವರಲ್ಲಿ ಎಷ್ಟು ಮಂದಿ ಓದಿರುವರೋ ತಿಳಿಯದು. ಬೀದಿಯಲ್ಲಿ ಅಲೆಯುವ ರೋಗಿಯನ್ನು ಠಾಣೆಯ ಲಾಕಪ್ಪಿನಲ್ಲಿಡದೆ 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸ್ ಅಧಿಕಾರಿಯ ಕರ್ತವ್ಯ. ವಿಮಾ ಕಂಪೆನಿಗಳು ಶರೀರದ ರೋಗಕ್ಕೆ ಕೊಡುವಂತೆಯೇ ಮನೋರೋಗಕ್ಕೂ ವಿಮೆ ಕೊಡತಕ್ಕದ್ದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮನಃಕ್ಲೇಶದಲ್ಲಿದ್ದರೆಂದೇ ಭಾವಿಸತಕ್ಕದ್ದು. ರೋಗಿಯ ಭಾವಚಿತ್ರವನ್ನಾಗಲಿ ಚಿಕಿತ್ಸೆಯ ವಿವರವನ್ನಾಗಲಿ ಅವನ ಒಪ್ಪಿಗೆಯಿಲ್ಲದೆ ಪತ್ರಿಕೆಗಳಿಗೆ ಕೊಡಕೂಡದು. ಇದು ನಮ್ಮ ವೃತ್ತಿಬಾಂಧವರು ನೆನಪಿಡಬೇಕಾದದ್ದು. ಕಚೇರಿಗಳ ಮುಖ್ಯಸ್ಥರು ಇನ್ನೊಂದನ್ನು ನೋಡಿಕೊಳ್ಳಬೇಕು: 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮನೋವ್ಯಾಧಿಯೂ ಸೇರಿರುವುದರಿಂದ, ಸೇವೆಯಲ್ಲಿರುವಾಗ ಇದರಿಂದ ಅಂಗವೈಕಲ್ಯಕ್ಕೆ ಒಳಗಾದ ಸರಕಾರಿ ನೌಕರನನ್ನು ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಬೇರೆ ಹುದ್ದೆ ಕೊಟ್ಟು ಸಂಬಳ ಉಳಿಸಬೇಕು.

ಇವೆಲ್ಲಕ್ಕಿಂತಲೂ ನಮಗೆ ಮೆಚ್ಚಿಗೆಯಾದ ವಿಧಿಯೊಂದು ಅದೇ ಕಾಯಿದೆಯಲ್ಲಿದೆ. ಪ್ರಾಪ್ತವಯಸ್ಕರಾದ ಯಾರೇ ಆಗಲಿ, ಸ್ವಸ್ಥರಾಗಿರುವಾಗಲೇ, ಮುಂದೆ ತಮಗೆ ಮನೋವ್ಯಾಧಿ ಬಂದರೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತಮ್ಮ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಬರೆದಿಡಬಹುದು. ಬಂದುಹೋಗುವ ಈ ಬೈಪೋಲಾರ್ ವ್ಯಾಧಿಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಇನ್ನೊಂದಿಲ್ಲ. ಗುಣವಾಗಿರುವ ತಿಂಗಳುಗಳಲ್ಲಿ ಮನೆಯವರೂ ರೋಗಿಯೂ ಕುಳಿತು, "ಎರಡು ರಾತ್ರಿ ನಿದ್ರೆ ಬಾರದಿದ್ದರೆ ವೈದ್ಯರಲ್ಲಿಗೆ, ಬ್ಯಾಂಕಿನ ಪುಸ್ತಕ ಆಗ ಅಕ್ಕನ ಕೈಗೆ" ಎಂದು ಒಪ್ಪಂದ ಮಾಡಿಕೊಂಡರೆ, ಆಮೇಲಿನ ಜಗಳದಲ್ಲಿ ಅರ್ಧ ತಪ್ಪುವುದು. ಕೂಡಲೆ ಯಾರನ್ನಾದರೂ ಕೇಳಬೇಕೆಂದಿರುವವರಿಗೆ 14416 ಎಂಬ ಸರಕಾರಿ ದೂರವಾಣಿಯು 2022ರ ಅಕ್ಟೋಬರಿನಿಂದ ಉಂಟು. ಹಗಲಿರುಳು ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಇನ್ನು ಸರಕಾರದವರಲ್ಲಿ ನಮ್ಮ ಬಿನ್ನಹ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿಯೂ ಸದಾ ಉಚಿತವಾಗಿ ಕೊಡತಕ್ಕದ್ದೆಂದು ಕಾಯಿದೆ ಹೇಳುವುದು. ಲಿಥಿಯಂ ರಾಷ್ಟ್ರೀಯ ಪಟ್ಟಿಯಲ್ಲಿದೆ. ಆದರೆ ಮಾತ್ರೆ ಕೊಟ್ಟು ರಕ್ತಪರೀಕ್ಷೆಗೆ ದೂರದ ಪಟ್ಟಣ ತೋರಿಸಿದರೆ, ಕೂಲಿಯವನು ಒಂದು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡು ಎಷ್ಟು ಸಾರಿ ಹೋಗಿ ಬಂದಾನು? ಕೇಡ್ ಅವರ ರೋಗಿಯು ಮಡಿದುದು ಔಷಧವಿಲ್ಲದೆ ಅಲ್ಲ, ಅಳತೆಯಿಲ್ಲದೆ. ಲಿಥಿಯಂ ಹಂಚುವ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯೂ ವಾರಕ್ಕೊಂದು ದಿನ ರಕ್ತದ ಮಾದರಿಗಳನ್ನು ಅಲ್ಲಿಯೇ ತೆಗೆದು ಜಿಲ್ಲಾಸ್ಪತ್ರೆಗೆ ಕಳುಹಿಸಿ, ಫಲಿತಾಂಶವನ್ನು ತಾಲ್ಲೂಕಿನ ವೈದ್ಯರಿಗೇ ತರಿಸಿಕೊಡುವ ಏರ್ಪಾಡು ಮಾಡಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾಯಿದೆ ಬೇಡ. ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಸುತ್ತೋಲೆ ಸಾಕು.