ಹತ್ತರ ಮುಂದೆ ಬಂದು ಕೂತ ಹದಿಮೂರು

"ಮೇಡಂ, ನೀವು ಕೊಟ್ಟ ಪ್ರೋಗ್ರಾಂನಲ್ಲಿ ತೆಗೆದ ಒಂದು ಚಿತ್ರವೂ ಓಪನ್ ಆಗ್ತಿಲ್ಲ." ಮುದ್ರಣಾಲಯದ ಹುಡುಗನ ಈ ಫೋನ್ ಬಂದಾಗ ನನಗೆ ನಂಬಿಕೆಯಾಗಲಿಲ್ಲ. ಹಳೆಯ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಒಂದು ದೊಡ್ಡ ಫೈಲಿನಿಂದ ಬಿಡಿಸಿ ಒಂದೊಂದೇ ಚಿತ್ರವಾಗಿ ಉಳಿಸುವ ಪುಟ್ಟ ಪ್ರೋಗ್ರಾಂ ಅದು. ಸಿ ಭಾಷೆಯಲ್ಲಿ ಬರೆದದ್ದು. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಎರಡು ವರ್ಷ ತಕರಾರಿಲ್ಲದೆ ನಡೆದಿತ್ತು. ಅವರಲ್ಲಿರುವುದು ವಿಂಡೋಸ್ ಎಂದು ಅದಕ್ಕೆ ಮತ್ತೆ ಕಂಪೈಲ್ ಮಾಡಿ ಕೊಟ್ಟಿದ್ದೆ. ಒಂದು ಎರರ್ ಕೂಡ ಬಂದಿರಲಿಲ್ಲ.

ಕೆಟ್ಟ ಚಿತ್ರವೊಂದನ್ನು ತರಿಸಿಕೊಂಡು ಮೂಲದೊಂದಿಗೆ ಹೋಲಿಸಿದೆ. ಮೂಲ 5,12,340 ಬೈಟ್, ಅವರದು 5,14,352. ಹೆಚ್ಚಾದದ್ದು 2,012, ಅಂದರೆ ಸುಮಾರು 256 ಬೈಟಿಗೆ ಒಂದು. ಒಂದು ಬೈಟಿಗೆ ಇರಬಹುದಾದ ಬೆಲೆಗಳೂ 256. ಯಾವುದೋ ಒಂದು ಬೆಲೆ ಬಂದಾಗಲೆಲ್ಲ ಜೊತೆಗೆ ಇನ್ನೊಂದು ಬೈಟ್ ಸೇರುತ್ತಿದೆ ಎಂದು ಹೊಳೆಯಿತು. ಫೈಲಿನ ಆರಂಭ ತೆರೆದು ನೋಡಿದೆ. ಪಿಎನ್‌ಜಿ ಚಿತ್ರವೆಂದರೆ 137, 80, 78, 71, 13, 10, 26, 10 ಎಂಬ ಎಂಟು ಬೈಟುಗಳಿಂದಲೇ ಶುರುವಾಗಬೇಕು. ಇಲ್ಲಿ 71ರ ನಂತರ 13, 13, 10, 26, 13, 10 ಎಂದಿತ್ತು. ಪ್ರತಿ 10ರ ಮುಂದೆಯೂ ಒಂದು 13 ಬಂದು ಕೂತಿತ್ತು. ಇಂಥ ಕೆಡುಕು ಬೇಗ ಬಯಲಾಗಲಿ ಎಂದೇ ಪಿಎನ್‌ಜಿ ರೂಪಿಸಿದವರು ಆ ಬೈಟುಗಳನ್ನು ಅಲ್ಲಿಟ್ಟಿದ್ದಾರೆ.

ಹಾಸನದಲ್ಲಿ ನಮ್ಮ ತಂದೆ ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರಿನ ಎಡಗಡೆಯ ಹಿಡಿಯನ್ನು ತಳ್ಳಿದರೆ ಕಾಗದ ಒಂದು ಸಾಲು ಮೇಲೇರಿ, ಕ್ಯಾರೇಜ್ ಸಾಲಿನ ಆರಂಭಕ್ಕೆ ಮರಳುತ್ತಿತ್ತು. ಟೆಲಿಟೈಪ್ ಯಂತ್ರದಲ್ಲಿ ಈ ಎರಡು ಕೆಲಸಕ್ಕೆ ಎರಡು ಸಂಕೇತ: ಆರಂಭಕ್ಕೆ ಮರಳಲು 13, ಮುಂದಿನ ಸಾಲಿಗೆ ಇಳಿಯಲು 10. ಯುನಿಕ್ಸ್‌ಗೆ 10 ಒಂದೇ ಸಾಕಾಯಿತು, ಲಿನಕ್ಸ್ ಅದೇ ದಾರಿ ಹಿಡಿಯಿತು. ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಎರಡನ್ನೂ ಇಟ್ಟುಕೊಂಡಿತು. ಅಲ್ಲಿಂದ ಡಾಸ್‌ಗೆ, ಡಾಸ್‌ನಿಂದ ವಿಂಡೋಸ್‌ಗೆ ಆ ರೂಢಿ ಬಂತು.

ಹೀಗಾಗಿ ವಿಂಡೋಸಿನ ಸಿ ಲೈಬ್ರರಿ ಟೆಕ್ಸ್ಟ್ ಫೈಲ್ ಬರೆಯುವಾಗ 10 ಇದ್ದಲ್ಲಿ 13, 10 ಹಾಕುತ್ತದೆ. ಓದುವಾಗ ಆ ಜೋಡಿಯನ್ನು ಮತ್ತೆ 10 ಮಾಡುತ್ತದೆ. 26 ಸಿಕ್ಕರೆ ಫೈಲ್ ಮುಗಿಯಿತೆಂದು ನಿಲ್ಲುತ್ತದೆ. ಬರಹಕ್ಕೆ ಇದು ಅನುಕೂಲ, ಚಿತ್ರಕ್ಕೆ ಮಾರಕ. ಚಿತ್ರದಲ್ಲಿ 10 ಎಂಬುದು ಬರೀ ಒಂದು ಸಂಖ್ಯೆ, ಅಲ್ಲಿ ಸಾಲೂ ಇಲ್ಲ, ಸಾಲಿನ ಕೊನೆಯೂ ಇಲ್ಲ. ಫೈಲ್ ತೆರೆಯುವ ಕಡೆ ನಾನು 'ಡಬ್ಲ್ಯು' ಎಂದು ಬರೆದಿದ್ದೆ, 'ಡಬ್ಲ್ಯುಬಿ' ಎಂದಿರಬೇಕಿತ್ತು. 'ಬಿ' ಎಂದರೆ ಬೈನರಿ, ಬೈಟುಗಳನ್ನು ಇದ್ದ ಹಾಗೆಯೇ ಬಿಡು ಎಂದು. ಲಿನಕ್ಸಿನಲ್ಲಿ ಆ 'ಬಿ' ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದ್ದರಿಂದಲೇ ತಪ್ಪು ಎರಡು ವರ್ಷ ಅಡಗಿ ಕೂತಿತ್ತು.

ಹಾಗೆಂದು ಎಲ್ಲವನ್ನೂ ಬೈನರಿಯಾಗಿ ತೆರೆಯುವಂತಿಲ್ಲ. ವಿಂಡೋಸಿನ ಬರಹವನ್ನು ಹಾಗೆ ಓದಿದರೆ ಪ್ರತಿ ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ 13 ಉಳಿಯುತ್ತದೆ. ಪಟ್ಟಿಯಲ್ಲಿ 'ಮೈಸೂರು' ಇದ್ದರೂ ಹುಡುಕುವ ಪ್ರೋಗ್ರಾಂ ಇಲ್ಲ ಎನ್ನುತ್ತದೆ. ಅಕ್ಷರವಿದ್ದರೆ ಟೆಕ್ಸ್ಟ್ ಎನ್ನುವಂತೆಯೂ ಇಲ್ಲ. ಯುಟಿಎಫ್-16 ಎಂಬ ಅಕ್ಷರಸಂಕೇತದಲ್ಲಿ ಗುಜರಾತಿಯ ಪ್ರತಿ ಅಕ್ಷರದ ಎರಡು ಬೈಟುಗಳಲ್ಲಿ ಒಂದು 10! ಯಾವ ಫೈಲ್ ಯಾವ ಬಗೆಯದೆಂದು ಪ್ರೋಗ್ರಾಂ ಬರೆದವರೇ ಸ್ಪಷ್ಟವಾಗಿ ಹೇಳಬೇಕು.

ಬರೆಯುವಾಗ ಸೇರಿಕೊಂಡ 13ಗಳನ್ನು ತೆಗೆದು ನಮ್ಮ ಚಿತ್ರಗಳನ್ನು ಉಳಿಸಿಕೊಂಡೆವು. ಓದುವಾಗ ಕಳೆದುಹೋದ 13 ಎಲ್ಲೆಲ್ಲಿತ್ತೆಂದು ಮಾತ್ರ ಯಾರೂ ಹೇಳಲಾರರು. ಮೂಲ ಕೈಯಲ್ಲಿಲ್ಲದಿದ್ದರೆ ಆ ಪುಟ ಹೋದಂತೆಯೇ.

ಅಂದಿನಿಂದ ನನ್ನ ಬಳಿ 256 ಬೈಟಿನ ಒಂದು ಫೈಲ್ ಇದೆ. ಅದರಲ್ಲಿ 0ರಿಂದ 255ರವರೆಗಿನ ಎಲ್ಲ ಬೆಲೆಗಳೂ ಸಾಲಾಗಿವೆ. ಪ್ರೋಗ್ರಾಂ ಓದುವ, ಬರೆಯುವ ದಾರಿಯಲ್ಲೇ ಅದನ್ನು ನಕಲು ಮಾಡಿಸುತ್ತೇನೆ. ವಿಂಡೋಸಿನಲ್ಲಿ 257 ಬಂದರೆ ತಪ್ಪು ಬರೆಯುವ ಕಡೆ, 26 ಬಂದರೆ ಓದುವ ಕಡೆ, 27 ಬಂದರೆ ಎರಡೂ ಕಡೆ. ಮುದ್ರಣಾಲಯಕ್ಕೆ ಎರಡನೇ ಸಲ ಹೋದಾಗ ಅವರ ಕಂಪ್ಯೂಟರಿನಲ್ಲೇ ಮೊದಲು ಇದನ್ನು ಓಡಿಸಿದೆ. 256 ಬಂತು. ಆಮೇಲೆ ಪುಟಗಳನ್ನು ಬಿಡಿಸಲು ಕೂತೆವು.